ಮುಚ್ಚಿದ್ದ ಒಂಬತ್ತು ದಿನಗಳ ದರ

ಮಾರ್ಚ್ 3, ಸೋಮವಾರ

ಹಳೆಯ ವಿನಿಮಯ ದರಗಳನ್ನು ತಿದ್ದುತ್ತಿದ್ದಾರೆ. ಇದು ಕಳ್ಳತನ. ಬೇರೆ ಹೆಸರಿಲ್ಲ.

ಎಂದಿನಂತೆ ಒಂಬತ್ತೂವರೆಗೆ ಬ್ಯಾಂಕಿನ ಅಂಕಿಅಂಶ ವಿಭಾಗಕ್ಕೆ ಹೋಗಿ ಕೆಂಪು ಪೆನ್ಸಿಲ್ ಕೆತ್ತಿ ಕೂತೆ. ಪ್ರೂಫ್ ತಿದ್ದುವುದು ನನ್ನ ಕೆಲಸ. ಈಗಿನ ಪುಸ್ತಕ: ನಮ್ಮ ಹಣ, ನದಿಯಾಚೆಯ ದೇಶದ ಹಣ, ಐವತ್ತು ವರ್ಷಗಳ ದರ. ಎರಡೂ ನಾಣ್ಯ ಹುಟ್ಟಿದ್ದು ಒಂದೇ ಟಂಕಸಾಲೆಯಲ್ಲಿ, ಒಂದಕ್ಕೆ ಒಂದು. ಆಮೇಲೆ ದೇಶಗಳು ಬೇರೆಯಾದವು. ಅಲ್ಲಿ ಗಿರಣಿಗಳು ಬಂದವು, ಇಲ್ಲಿ ಸಾಲ. ಅವರ ಒಂದಕ್ಕೆ ನಮ್ಮ ಐದು, ಆಮೇಲೆ ಹನ್ನೆರಡು... ಹದಿನೆಂಟು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಸರ್ಕಾರ ನಮ್ಮ ಹಣದ ಬೆಲೆ ಇಳಿಸಿತು. ಒಂದೇ ಏಟಿಗೆ ಮೂವತ್ತೊಂದು.

ಹೊಸ ಪುಸ್ತಕದಲ್ಲಿ ಜೂನ್ ಕೊನೆಯವರೆಗೂ ಹನ್ನೆರಡೇ! ಕಪಾಟಿನ ಹಳೆಯ ಕಾರ್ಡುಗಳಲ್ಲಿ ಏಪ್ರಿಲ್‌ನಿಂದಲೇ ಮೂವತ್ತೊಂದು.

ಆಚೆಯ ಗಿರಣಿ ಮುಚ್ಚಿ ನಮ್ಮವರು ನಾಲ್ಕು ಸಾವಿರ ಜನ ವಾಪಸ್ ಬಂದದ್ದು ಆ ಮೇ ತಿಂಗಳಲ್ಲಿ. ಅವರ ಪಿಂಚಣಿಯನ್ನು ಗಿರಣಿ ನಮ್ಮ ಸರ್ಕಾರಕ್ಕೆ ಒಪ್ಪಿಸಿದೆ, ಆ ದೇಶದ ಹಣದಲ್ಲೇ. ಸರ್ಕಾರ ಈ ವರ್ಷ ಹಂಚಬೇಕು, ಕೆಲಸ ಬಿಟ್ಟ ದಿನದ ದರದಂತೆ. ಆ ದರ ಯಾವುದೆಂದು ಹೇಳುವುದು ಈ ಪುಸ್ತಕ. ಹನ್ನೆರಡೆಂದು ಅಚ್ಚಾದರೆ ಉಳಿದ ಹತ್ತೊಂಬತ್ತು ಸರ್ಕಾರದ ಜೇಬಿಗೆ.

ಆ ನಾಲ್ಕು ಸಾವಿರದಲ್ಲಿ ಅಮ್ಮನೂ ಒಬ್ಬಳು.

ಮಾರ್ಚ್ 4

ಊಟದ ಹೊತ್ತಿನಲ್ಲಿ ಪಟ್ಟಿಯನ್ನು ನಮ್ಮ ವಿಭಾಗದ ಹಿರಿಯ ಗುಮಾಸ್ತರಿಗೆ ತೋರಿಸಿದೆ. ಎಲ್ಲರೂ ಕರೆಯುವುದು 'ಸೀಮೆಸುಣ್ಣ' ಎಂದೇ. ಹಿಂದೆ ಬ್ಯಾಂಕಿನ ಹೊರಗಿನ ಬೋರ್ಡಿನ ಮೇಲೆ ದಿನಾ ದರ ಬರೆಯುತ್ತಿದ್ದವರು. ಆ ಹೆಸರು ಅಂಟಿಕೊಂಡಿದೆ. ನಿವೃತ್ತಿಗೆ ಒಂದೇ ವರ್ಷ.

"ಇದ್ಯಾವ ಪುಣ್ಯಾತ್ಮ ಮಾಡಿದ್ದು?" ಎಂದು ನಕ್ಕರು. "ಬೆಲೆ ಇಳಿಸಿದ ಮೇಲೆ ಒಂಬತ್ತು ದಿನ ಕೌಂಟರೇ ತೆಗೀಲಿಲ್ಲ ಕಣಮ್ಮ. ದರ ಎಲ್ಲಿಂದ ಬರಬೇಕು? ಬೋರ್ಡಿನ ಮೇಲೆ ಬರೀ ಗೆರೆ ಎಳೀತಿದ್ದೆ."

ಪ್ರೂಫಿನಲ್ಲಿ ಆ ಒಂಬತ್ತೂ ದಿನ ಹನ್ನೆರಡು. ಭಾನುವಾರಕ್ಕೂ!

ಸಿಕ್ಕಿಬಿದ್ದರು. ಒಂಬತ್ತು ಕಡೆ ಕೆಂಪು ಗುರುತು ಹಾಕಿದೆ. ಅಂಚಿನಲ್ಲಿ ಬರೆದೆ: 'ಈ ದಿನ ಕೌಂಟರ್ ಮುಚ್ಚಿತ್ತು.' ನಾಲ್ಕು ಗಂಟೆಗೆ ಪ್ರೂಫ್ ವಾಪಸ್ ಕಳಿಸಿದೆ.

ಮಾರ್ಚ್ 7, ಶುಕ್ರವಾರ

ಎರಡನೇ ಪ್ರೂಫ್ ಬಂತು. ಒಂಬತ್ತು ದಿನಕ್ಕೆ ಒಂಬತ್ತು ಗೆರೆ. ಉಳಿದ ಸುಳ್ಳೆಲ್ಲ ಹಾಗೇ ಇದೆ.

ಸುಳ್ಳನ್ನು ತಿದ್ದಿ ಚೊಕ್ಕ ಮಾಡಿಕೊಟ್ಟವಳು ನಾನೇ. ಮೊದಲ ಪ್ರೂಫ್ ಮೇಲಿನವರ ಬಳಿ. ಕಾರ್ಡಿನ ಕಪಾಟು ಖಾಲಿ—"ಬೈಂಡಿಂಗಿಗೆ ಹೋಗಿದೆ" ಎನ್ನುತ್ತಾರೆ.

ಸೀಮೆಸುಣ್ಣ ತಲೆಯೆತ್ತದೆ ಬೈದರು: "ತಪ್ಪು ಕಂಡ್ರೆ ಕೈ ಸುಮ್ನಿರಲ್ವಾ ನಿಂಗೆ? ಕಳ್ಳನ್ನ ಕರೆದು, ನಿನ್ನ ಅಂಗಿ ಗುಂಡಿ ಬಿದ್ದೋಗಿದೆ ನೋಡಪ್ಪ ಅಂತ ಎತ್ತಿಕೊಟ್ಟೆ." ಆಮೇಲೆ ಮೆಲ್ಲಗೆ: "ನನ್ನನ್ನ ಯಾರಾದ್ರೂ ಕೇಳಿದ್ರೆ ನಂಗೇನೂ ನೆನಪಿಲ್ಲ. ತಪ್ಪು ತಿಳೀಬೇಡ ಮಗಳೇ."

ಮೊದಲ ಪ್ರೂಫಿನ ಅಂಚಿನಲ್ಲಿ ನನ್ನ ಅಕ್ಷರವಿದೆ. ಯಾರದೆಂದು ಕೇಳುವ ಅಗತ್ಯವೂ ಮೇಲಿನವರಿಗಿಲ್ಲ.

ಮಾರ್ಚ್ 12, ಮಧ್ಯಾಹ್ನ ಮೂರು

ಸೂಪರಿಂಟೆಂಡೆಂಟ್ ಕರೆದರು. ಟೀ ತರಿಸಿದರು. ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

"ನಿಮ್ಮ ಕಣ್ಣು ಭಾರಿ ಚುರುಕು ಕಣ್ರಿ. ಕೊನೇ ಪ್ರೂಫಿಗೂ ನಿಮ್ಮದೇ ಸಹಿ ಇರ್ಲಿ."

"ದರ ತಪ್ಪಿದೆ ಸಾರ್."

"ನಿಮ್ಮ ತಾಯಿ ಆಚೆ ಗಿರಣೀಲಿದ್ರಲ್ವಾ? ಮಂಡಿ ನೋವಂತೆ, ಪಾಪ. ಅವರ ಫೈಲು ಮೂವತ್ತೊಂದರಲ್ಲೇ ಪಾಸಾಗುತ್ತೆ. ಒಂದು ಫೈಲು ತಾನೇ, ಯಾರು ನೋಡ್ತಾರೆ? ಮುಂದಿನ ಗುರುವಾರ, ಹನ್ನೊಂದು ಗಂಟೆಗೆ ಬಂದು ಸಹಿ ಹಾಕಿ."

ಅಮ್ಮನ ಮಂಡಿ ನೋವಿನ ವಿಷಯ ನಾನು ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ.

ಮಾರ್ಚ್ 18, ಮಂಗಳವಾರ

ಐದು ದಿನ ಬರೆಯಲಾಗಲಿಲ್ಲ. ಬಾಗಿಲು ತಟ್ಟಿದರೆ ಎದೆ ಧಸಕ್ಕೆನ್ನುತ್ತದೆ. ಹಾಲಿನವನಿಗೂ ಹೆದರಿದೆ. ಬಚ್ಚಿಟ್ಟಿದ್ದ ಸರ್ಕಾರ-ವಿರೋಧಿ ಕರಪತ್ರಗಳನ್ನೆಲ್ಲ ಹಾಸಿಗೆಯಡಿಯಿಂದ ತೆಗೆದು ಒಲೆಗೆ ಹಾಕಿದೆ... ಭಯವೇ ಆಳುವವರ ಆಯುಧ ಎಂದು ಅವುಗಳಲ್ಲಿ ಅಡಿಗೆರೆ ಎಳೆದು ಓದಿದವಳು. ನಾಚಿಕೆಯಾಗುತ್ತದೆ.

ಸಹಿ ಹಾಕಿಬಿಡೋಣ ಎಂದೂ ಅನ್ನಿಸಿತು. ಇಲ್ಲಿಯಾದರೂ ನಿಜ ಬರೆಯಬೇಕು.

ಸಂಜೆ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಮಂಡಿಗೆ ಎಣ್ಣೆ ತಿಕ್ಕುತ್ತಿದ್ದವಳು ಕೈ ನಿಲ್ಲಿಸಿದಳು.

"ನಂಗೊಬ್ಬಳಿಗೇ ಕೊಡ್ತಾನಂತಾ? ನಾನೊಬ್ಬಳೇ ನೂಲು ತೆಗೆದ್ನಾ ಅಲ್ಲಿ?"

"ಸಾಕ್ಷಿ ಇಲ್ಲಮ್ಮ. ಕಾರ್ಡೆಲ್ಲ ಸಾಗಿಸಿಬಿಟ್ಟಿದ್ದಾರೆ."

"ಓದಿದ್ದೇ ಬಂತು ನೀನು!" ಎದ್ದು ಹೋಗಿ ಪಡಿತರ ಚೀಟಿಯ ಚೀಲ ತಂದು ಸುರಿದಳು. ಗಿರಣಿ ಮುಚ್ಚಿದ ಆ ಮೇ ತಿಂಗಳಲ್ಲಿ, ಕೊನೆಯ ಸಂಬಳವನ್ನು ನಮ್ಮದೇ ಬ್ಯಾಂಕಿನ ಕೌಂಟರಿನಲ್ಲಿ ಬದಲಾಯಿಸಿಕೊಂಡ ರಸೀದಿ. ಮೊಹರು, ತಾರೀಖು. ದರ: ಮೂವತ್ತೊಂದು. "ಪಿಂಚಣಿಗೆ ಬೇಕಾಗುತ್ತೆ ಅಂತ ಗಿರಣಿಯವರು ಅಂದಿದ್ರು. ನಮ್ಮಲ್ಲಿ ಯಾರೂ ಬಿಸಾಕಿಲ್ಲ."

"ಇದನ್ನ ತೋರಿಸಿದ್ರೆ ಕಿತ್ಕೊಳ್ತಾರಮ್ಮ."

"ಒಬ್ಬಳ ಕೈಲಿದ್ರೆ ಕಿತ್ಕೊಳ್ತಾರೆ."

ಮಾರ್ಚ್ 19, ಬೆಳಿಗ್ಗೆ ಆರೂವರೆ

ಅಮ್ಮ ನಿನ್ನೆ ರಾತ್ರಿಯೇ ಕುಂಟಿಕೊಂಡು ಏಳು ಮನೆಗೆ ಹೋಗಿ ಬಂದಿದ್ದಾಳೆ. ಅವರು ಇನ್ನೂ ಹತ್ತತ್ತು ಮನೆಗೆ ಹೇಳುತ್ತಾರೆ. ಎಷ್ಟು ಜನ ಬರುತ್ತಾರೋ ಗೊತ್ತಿಲ್ಲ. ಬೀದಿ ತುದಿಯಲ್ಲಿ ಒಬ್ಬ ಪೇಪರ್ ಓದುತ್ತಾ ನಿಂತಿದ್ದಾನೆ, ಅರ್ಧ ಗಂಟೆಯಿಂದ ಪುಟ ತಿರುಗಿಸಿಲ್ಲ.

ಸಹಿ ಹಾಕುವುದಿಲ್ಲ. ಮೂಲ ರಸೀದಿ ಯಾರೂ ಕೈಬಿಡಬಾರದು, ಎತ್ತಿ ಹಿಡಿದರೆ ಸಾಕು ಎಂದು ಅಮ್ಮ ಎಲ್ಲರಿಗೂ ಹೇಳಿದ್ದಾಳೆ.

ನಾಳೆ, ಗುರುವಾರ, ಬೆಳಿಗ್ಗೆ ಹತ್ತೂಮುಕ್ಕಾಲು, ಬ್ಯಾಂಕಿನ ಮುಂದಿನ ಮೆಟ್ಟಿಲ ಮೇಲೆ. ಎಲ್ಲರೂ ಅವರವರ ರಸೀದಿ ಹಿಡಿದು—