ಒಂದೇ ಡಬ್ಬಿಯ ಎಣ್ಣೆಗೆ ಎರಡು ಫಲಿತಾಂಶ

ಎಣ್ಣೆ ಸಂಶೋಧನಾ ಕೇಂದ್ರದ ಮಾನ್ಯ ನಿರ್ದೇಶಕರೇ,

ಅಕ್ರೋಟು ಎಣ್ಣೆಯಿಂದ ಸಕ್ಕರೆ ಇಳಿದಿದೆ ಎಂದು ತಾವು ನನ್ನ ಹೆಂಡತಿಗೆ ಮೊಹರು ಒತ್ತಿ ಕಳಿಸಿದ ಪತ್ರವನ್ನು ದಯವಿಟ್ಟು ಹಿಂತೆಗೆದುಕೊಳ್ಳಿ. ಇದನ್ನು ಹೇಳಲು ಮೂರು ಸಲ ಕಚೇರಿಗೆ ಬಂದೆ. ತಮ್ಮ ಸಿಬ್ಬಂದಿ ಮೂರು ಸಲವೂ ಕುರ್ಚಿ ಕೊಟ್ಟರು, ಕಿವಿ ಕೊಡಲಿಲ್ಲ. ಹಾಗಾಗಿ ನಾಲ್ಕು ಜನಕ್ಕೆ ಕೇಳುವಂತೆ ಬರೆಯುತ್ತಿದ್ದೇನೆ.

ನಮ್ಮಿಬ್ಬರಿಗೂ ಸಕ್ಕರೆ ಕಾಯಿಲೆ, ಜೊತೆಗೆ ಕೊಲೆಸ್ಟ್ರಾಲ್. ತಮ್ಮ ಪರೀಕ್ಷೆಗೆ ಹೇಳಿ ಮಾಡಿಸಿದ ಜೋಡಿ. ಅವಳಿಗೆ ಕೆಂಪು ಮುಚ್ಚಳದ ಬಾಟಲಿ ಕೊಟ್ಟಿರಿ, ನನಗೆ ನೀಲಿಯದು. ಒಂದರಲ್ಲಿ ಅಕ್ರೋಟು ಎಣ್ಣೆ, ಇನ್ನೊಂದರಲ್ಲಿ ಸಾಧಾರಣ ಎಣ್ಣೆ. ಯಾವುದರಲ್ಲಿ ಯಾವುದು ಎಂಬುದು ಮೂರು ತಿಂಗಳು ಗುಟ್ಟು. ಬಾಟಲಿಗಳು ಮನೆಗೆ ಬಂದ ದಿನವೇ ನನ್ನಾಕೆ ಎರಡನ್ನೂ ಒಂದು ಡಬ್ಬಿಗೆ ಸುರಿದುಬಿಟ್ಟಳು.

“ಒಬ್ರಿಗೆ ಒಳ್ಳೇದು, ಇನ್ನೊಬ್ರಿಗೆ ಸುಮ್ನೆ ಎಣ್ಣೆ ಅಂದ್ರೆ ಹೇಗ್ರೀ? ಇಬ್ರೂ ಅರ್ಧರ್ಧ ಕುಡಿಯೋಣ ಬಿಡಿ” ಎಂದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ನನ್ನೊಂದಿಗೆ ಹಂಚಿಕೊಳ್ಳದಿರುವುದು ಟಿವಿ ರಿಮೋಟ್ ಒಂದನ್ನೇ.

ತಪಾಸಣೆಯ ದಿನ ನರ್ಸಮ್ಮನಿಗೆ ವಿಷಯ ತಿಳಿಸಿದೆ. “ಫಾರಂನಲ್ಲಿ ಅದಕ್ಕೆ ಜಾಗ ಇಲ್ಲ ಸರ್. ಕುಡಿದ್ರಾ ಇಲ್ವಾ, ಅಷ್ಟು ಹೇಳಿ” ಎಂದರು. ಕುಡಿದಿದ್ದೆವು. ‘ಹೌದು’ ಎಂಬಲ್ಲಿ ಗುರುತು ಬಿತ್ತು.

ಈಗ ನೋಡಿ ವಿಜ್ಞಾನದ ವೈಭವವನ್ನು. ಒಂದೇ ಡಬ್ಬಿ, ಒಂದೇ ಚಮಚ. ತಮ್ಮ ಕಡತದಲ್ಲಿ ಮಾತ್ರ ಅವಳದು ಅಕ್ರೋಟು, ನನ್ನದು ಸಾಧಾರಣ. ಅವಳಿಗೆ ‘ಗಣನೀಯ ಇಳಿಕೆ, ಅಭಿನಂದನೆಗಳು’, ನನಗೆ ‘ಬದಲಾವಣೆ ಇಲ್ಲ’. ನಾನು ದರ್ಜಿ, ಸ್ವಾಮಿ. ಇಬ್ಬರು ಗಿರಾಕಿಗಳ ಅಳತೆ ಅದಲುಬದಲಾದರೆ ಹೊಲಿಗೆ ಬಿಚ್ಚುತ್ತೇನೆ. ಅಂಗಿ ಅದ್ಭುತವಾಗಿದೆ ಎಂದು ಪತ್ರ ಬರೆಯುವುದಿಲ್ಲ. ತಮ್ಮಲ್ಲಿ ಬಿಚ್ಚುವ ಪದ್ಧತಿಯೇ ಇಲ್ಲವೇ?

ಅವಳ ಸಕ್ಕರೆ ಇಳಿದದ್ದೇನೋ ನಿಜ. ಕಾರಣ ನನಗೆ ಗೊತ್ತು. ಮೊದಲು ವಾರಕ್ಕೆ ನಾಲ್ಕು ದಿನ ಸಕ್ಕರೆ ಕಾಯಿಲೆಯ ಮಾತ್ರೆ ಮರೆಯುತ್ತಿದ್ದಳು. ಪರೀಕ್ಷೆ ನಡೆದಷ್ಟು ದಿನ ಎಣ್ಣೆ ಕುಡಿಯಿರೆಂದು ತಮ್ಮ ನರ್ಸಮ್ಮ ಪ್ರತಿ ಬೆಳಿಗ್ಗೆ ಫೋನ್ ಮಾಡುತ್ತಿದ್ದರು. ಇವಳು ಎಣ್ಣೆಯ ಹಿಂದೆಯೇ ಮಾತ್ರೆಯನ್ನೂ ನುಂಗುತ್ತಿದ್ದಳು. ನಾನು ಮೊದಲಿನಿಂದಲೂ ಮಾತ್ರೆ ತಪ್ಪಿಸಿದವನಲ್ಲ, ಹಾಗಾಗಿ ನನ್ನದು ಇದ್ದಲ್ಲೇ ಇದೆ. ಕೆಲಸ ಮಾಡಿದ್ದು ಮಾತ್ರೆ, ಹಾರ ಬಿದ್ದದ್ದು ಅಕ್ರೋಟಿಗೆ.

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ತಮ್ಮ ಪತ್ರ ಕೈಗೆ ಸಿಕ್ಕ ದಿನದಿಂದ ಅವಳು ಮಾತ್ರೆಯನ್ನೇ ಬಿಟ್ಟಿದ್ದಾಳೆ. ಅಂಗಡಿಯಿಂದ ಅಕ್ರೋಟು ಎಣ್ಣೆ ತರಿಸಿಕೊಂಡು ಕುಡಿಯುತ್ತಿದ್ದಾಳೆ. ನಾನು ಬಾಯಿ ತೆರೆದರೆ, “ನಿರ್ದೇಶಕರಿಗಿಂತ ನೀವು ಹೆಚ್ಚು ಓದಿದ್ದೀರಾ?” ಎನ್ನುತ್ತಾಳೆ. ಅವಳ ಅಕ್ಕನ ಕಾಲಿನ ಎರಡು ಬೆರಳು ಇದೇ ಕಾಯಿಲೆಗೆ ಹೋಗಿವೆ. ನನಗೆ ಹೆದರಿಕೆಯಾಗುತ್ತಿದೆ.

ಎಣ್ಣೆಯನ್ನು ತಾವು ಖಂಡಿತ ಮತ್ತೆ ಪರೀಕ್ಷಿಸಿ, ಅದರಲ್ಲಿ ಗುಣವಿದ್ದರೆ ಎಲ್ಲರಿಗೂ ಒಳ್ಳೆಯದೇ. ಆದರೆ ನಮ್ಮಿಬ್ಬರ ಲೆಕ್ಕವನ್ನು ಕಡತದಿಂದ ಹೊಡೆದುಹಾಕಿ. ಅದಕ್ಕೂ ಮುಂಚೆ ಅವಳಿಗೆ ಇನ್ನೊಂದು ಪತ್ರ ಬರೆಯಿರಿ. ‘ಮಾತ್ರೆ ನುಂಗಮ್ಮ’ ಎಂಬ ಎರಡೇ ಪದ ಸಾಕು, ಕೆಳಗೆ ಮೊಹರು ಮಾತ್ರ ದೊಡ್ಡದಾಗಿರಲಿ. ಅವಳು ಮಾತ್ರೆ ಬಿಟ್ಟು ಇಂದಿಗೆ ಒಂಬತ್ತು ದಿನ.

ಇಂತಿ,
ಮನೆಯಲ್ಲಿ ಮಾತು ನಡೆಯದ ಒಬ್ಬ ದರ್ಜಿ