ಐದನೆಯ ತೊಟ್ಟಿಯ ಬೇರು

ರಾಯದುರ್ಗ
೯ ಮಾರ್ಚ್ ೨೦೨೫, ಭಾನುವಾರ

ಪ್ರೀತಿಯ ಅಕ್ಕಾ,

“ಬೇರು ಕರ್ರಗಾದ್ರೆ ಅಲ್ಲಿ ಹುಳ ನಿಲ್ಲಲ್ಲ ಕಣೋ ಶಶಿ” ಎಂದು ನೀನು ಅವತ್ತು ತಾರಸಿಯಲ್ಲಿ ಶುರು ಮಾಡಿದ್ದೆ. ಅದರ ಮುಂದೆಯೂ ಏನೋ ಹೇಳಿದ್ದೆ, ಆ ಉಳಿದರ್ಧ ನನಗೆ ನೆನಪಾಗುತ್ತಿಲ್ಲ. ತಾರಸಿಗೆ ಹೋದಾಗಲೆಲ್ಲ ಮೊದಲರ್ಧ ಮಾತ್ರ ಬಂದು ನಿಲ್ಲುತ್ತದೆ. ಅದಿರಲಿ. ಕಣ್ಣು ಹೇಗಿದೆ? ಬಳ್ಳಾರಿಯ ಡಾಕ್ಟರು ಬರೆದುಕೊಟ್ಟ ಹನಿ ಮುಗಿಯಿತೇ? ಹೊಗೆಯ ಮುಂದೆ ಕೂರಬೇಡ ಎಂದಿದ್ದರು, ನೀನು ಕೂರುತ್ತಿರುತ್ತೀಯ ಎಂದು ನನಗೆ ಗೊತ್ತು. ಭಾವನವರನ್ನು ಕೇಳಿದರೆ “ಚೆನ್ನಾಗವ್ಳೆ, ಸೊಪ್ಪಿನ ತೋಟದಾಗವ್ಳೆ” ಎನ್ನುತ್ತಾರೆ. ನಾನು ಯಾವಾಗ ಫೋನ್ ಮಾಡಿದರೂ ನೀನು ಸೊಪ್ಪಿನ ತೋಟದಲ್ಲಿರುತ್ತೀಯ, ಕತ್ತಲಾದ ಮೇಲೂ. ಅದಕ್ಕೇ ಈ ಕಾಗದ. ಇಲ್ಲಿ ಎಲ್ಲರೂ ಕ್ಷೇಮ. ಸಂಧ್ಯಾಳಿಗೆ ಮಂಡಿನೋವು ಕಡಿಮೆಯಾಗಿದೆ. ಮೆಟ್ಟಿಲು ಹತ್ತುವಾಗ ಈಗ ನನ್ನನ್ನು ಬೈಯುವುದಿಲ್ಲ, ಇಳಿಯುವಾಗ ಮಾತ್ರ ಬೈಯುತ್ತಾಳೆ. ನಮ್ಮ ಬೀದಿಯ ಜೀನ್ಸ್ ಹೊಲಿಯುವ ಮಿಷನ್ನುಗಳು ಭಾನುವಾರ ಸುಮ್ಮನಿರುತ್ತವೆ. ಅವು ಸುಮ್ಮನಿದ್ದಾಗ ಮನೆ ಸ್ವಲ್ಪ ದೊಡ್ಡದಾದಂತೆ ಅನ್ನಿಸುತ್ತದೆ.

ನೀನು ಹೊಳೆ ನೋಡಿದ್ದು ಒಂದೇ ಸಲ, ಅದೂ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು. ಹಾಗಾಗಿ ಅಲ್ಲಿಯ ಸಂಗತಿಯನ್ನು ಮೊದಲಿನಿಂದ ಹೇಳುತ್ತೇನೆ. ಈಚಿನ ವರ್ಷಗಳಲ್ಲಿ ಹಗರಿ ಹೊಳೆಯಲ್ಲಿ ನೀರು ನಿಂತಿತು. ಹೊಳೆಗೆ ನೀರು ಬಂತೆಂದು ಎಲ್ಲರೂ ಕೈಮುಗಿದ ಕೆಲವೇ ದಿನಗಳಲ್ಲಿ, ನೀರಿನ ಮೇಲೆ ತೇಲುತ್ತ ಹರಡುವ ಕಳೆ, ಅಂತರಗಂಗೆ ಬಂತು. ಇಲ್ಲಿಯ ಕಚೇರಿಗಳಲ್ಲಿ ಅದನ್ನು ತೆಲುಗಿನಲ್ಲಿ ಗುರ್ರಪುಡೆಕ್ಕ ಎನ್ನುತ್ತಾರೆ, ಕುದುರೆಯ ಗೊರಸು. ಈಗ ಹೊಳೆಯ ತಿರುವಿನ ಉದ್ದಕ್ಕೂ ನೀರೇ ಕಾಣುವುದಿಲ್ಲ, ಬರೀ ಎಲೆ, ಮೇಲೆ ನೀಲಿ ಹೂವು. ನಾನು ಕಾಲೇಜಿನಲ್ಲಿ ಪಾಠ ಹೇಳುವಾಗ ಅದನ್ನು ಸುಂದರ ಎಂದು ಕರೆದುಬಿಟ್ಟಿದ್ದೆ. ಹೊಳೆದಂಡೆಯ ಊರಿನಲ್ಲಿ ಎಮ್ಮೆ ಸಾಕಿರುವ ದೊಡ್ಡತಿಮ್ಮಪ್ಪನ ಮುಂದೆ ಹಾಗೆ ಹೇಳಲು ಧೈರ್ಯ ಬರಲಿಲ್ಲ. “ಎಮ್ಮಿ ಅದನ್ನ ಹಸರು ಹೊಲ ಅಂತ ತಿಳಕಂಡು ಕಾಲಿಡ್ತೈತ್ರಿ ಸರ, ಕುತ್ತಿಗಿಮಟ ಹೋಗಿ ನಿಂತ ಮ್ಯಾಲ ನಮ್ಮನ್ನ ನೋಡ್ತೈತಿ” ಎಂದಿದ್ದ. ಊರಿನವರೆಲ್ಲ ಸೇರಿ ಎಣ್ಣೆ ಹೊಡೆಯುವುದೆಂದು ಮಾಡಿದ್ದರು. ಎಣ್ಣೆ ಎಂದರೆ ಹೊಲದ ಕಳೆಗೆ ಸಿಂಪಡಿಸುವ ವಿಷ. ಆ ನೀರನ್ನೇ ಎಮ್ಮೆ ಕುಡಿಯುತ್ತದಲ್ಲ ಎಂದರೆ, “ಕುಡೀತಾವ್ರಿ. ಮುಳುಗೋದಕ್ಕಿಂತ ಅದು ವಾಸಿ ಅಲ್ಲೇನ್ರಿ?” ನನ್ನ ಬಳಿ ಇದ್ದದ್ದು ಹುಳ. ಆ ಎಲೆಯನ್ನೇ ತಿಂದು ಬದುಕುವ, ಬೇರೆ ಬೆಳೆಯ ಕಡೆ ತಿರುಗಿಯೂ ನೋಡದ ಸಣ್ಣ ಮೂತಿಹುಳ. ಉಗಾದಿಯವರೆಗೆ ಕಾಯುತ್ತೇವೆ, ಅಷ್ಟರಲ್ಲಿ ಹುಳ ಹೆಚ್ಚಿಸಿ ತೋರಿಸಿ, ಇಲ್ಲದಿದ್ದರೆ ಎಣ್ಣೆ ಎಂದು ಅವರು ಒಪ್ಪಿದ್ದರು.

ಆಗ ನೀನು ಕಣ್ಣಿನ ಆಪರೇಷನ್ನಿಗೆ ಬಂದೆ. ಆಮೇಲೆ ನಡೆದದ್ದು ನಿನಗೇ ಗೊತ್ತು, ಆದರೂ ಬರೆಯಲು ನನಗೆ ಖುಷಿ. ತಾರಸಿಯ ಮೇಲೆ ಡ್ರಮ್ಮು ಸೀಳಿ ಮಾಡಿದ ಐದು ತೊಟ್ಟಿ, ಪ್ರತಿಯೊಂದರಲ್ಲೂ ಅಂತರಗಂಗೆ, ಮೇಲೆ ಸೊಳ್ಳೆಪರದೆ. ಎರಡೇ ದಿನದಲ್ಲಿ ನೀನು ಅದನ್ನು ರತ್ನಗಿರಿಯಲ್ಲಿ ರೇಷ್ಮೆ ಸಾಕುವ ನಿನ್ನ ಹುಳುಮನೆ ಮಾಡಿಬಿಟ್ಟೆ. ಕಾಲು ತೊಳೆಯದೆ ಸಂಧ್ಯಾಳೂ ಮೇಲೆ ಹೋಗುವಂತಿಲ್ಲ. ಒಗ್ಗರಣೆಯ ಘಾಟು ಮೇಲೆ ಬರಬಾರದು. ಊರಿನಿಂದ ತಂದಿದ್ದ ಕತ್ತಿಯಲ್ಲಿ, ಎಳೆ ರೇಷ್ಮೆಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹೆಚ್ಚುವ ಅದೇ ಕತ್ತಿಯಲ್ಲಿ, ನೀನು ಅಂತರಗಂಗೆಯ ಎಲೆಯನ್ನೂ ಸಣ್ಣಗೆ ಹೆಚ್ಚಿ ಇಟ್ಟಿದ್ದೆ. ಹುಳಗಳು ಅದನ್ನು ಬಿಟ್ಟು ಗಿಡಕ್ಕೇ ಹೋದಾಗ “ಕೊಬ್ಬು ಇವ್ಕೆ” ಎಂದೆ. “ಇವ್ಕೆ ಜ್ವರ ಯಾವಾಗ ಬತ್ತೈತೋ?” ಎಂದು ದಿನವೂ ಕೇಳುತ್ತಿದ್ದೆ. ರೇಷ್ಮೆಹುಳ ಪೊರೆ ಬಿಡುವ ಮೊದಲು ಮೇವು ಬಿಟ್ಟು ಮಲಗುವುದನ್ನು ನೀವು ಜ್ವರ ಅನ್ನುತ್ತೀರಿ ಎಂದು ನಾನು ಸಂಧ್ಯಾಳಿಗೆ ತಿಳಿಸಿ ಹೇಳುವಷ್ಟರಲ್ಲಿ ಅವಳು ಡಾಕ್ಟರಿಗೆ ಫೋನ್ ಮಾಡಲು ಎದ್ದಿದ್ದಳು. ಒಂದು ಸಲ ಅವಳು ತರಕಾರಿಗೆಂದು ಆ ಕತ್ತಿ ಕೇಳಿದಾಗ ನೀನು ಅದನ್ನು ನೆಲದ ಮೇಲಿಟ್ಟು, “ಕೈಗೆ ಕೊಟ್ರೆ ಜಗಳ ಆಯ್ತದೆ, ಎತ್ಕೊಳವ್ವ” ಎಂದದ್ದು ನೆನಪಿದೆ.

ಸಂಕ್ರಾಂತಿಯ ಹಿಂದಿನ ದಿನ ನಾನು ಕಾಲೇಜಿನಿಂದ ಬಂದಾಗ ನಾಲ್ಕು ತೊಟ್ಟಿಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ರೇಷ್ಮೆಹುಳದ ಹಾಸನ್ನು ದಿನವೂ ಬಳಿದು ಚೊಕ್ಕಟ ಮಾಡುವ ಕೈ ನಿನ್ನದು. ನೀರಿನಡಿಯ ಕಪ್ಪು ಬೇರಿನ ಕುಚ್ಚು ನಿನಗೆ ಕೊಳೆಯಾಗಿ ಕಂಡಿತ್ತು. ಆ ನಾಲ್ಕರ ಬೇರನ್ನೆಲ್ಲ ಕತ್ತರಿಸಿ, ಕೆಳಗೆ ತೆಂಗಿನ ಬುಡಕ್ಕೆ ಹಾಕಿದ್ದೆ. ಮರಿಹುಳ ಬೆಳೆದ ಮೇಲೆ ನೀರಿಗಿಳಿದು ಆ ಬೇರಿನಲ್ಲೇ ಗೂಡು ಕಟ್ಟುತ್ತದೆ ಎಂದು ನಾನು ನಿನಗೆ ಹೇಳಿರಲಿಲ್ಲ, ನೀನೂ ಕೇಳಿರಲಿಲ್ಲ. ಗೂಡು ಸಾಸಿವೆಗಿಂತ ಸ್ವಲ್ಪ ದೊಡ್ಡದು, ಬೇರಿನದೇ ಬಣ್ಣ. ಆಪರೇಷನ್ ಬೇಕಿಲ್ಲದ ಕಣ್ಣಿಗೂ ಸುಲಭವಾಗಿ ಕಾಣುವಂಥದಲ್ಲ. ಹುಳ ನೋಡಲೆಂದು ದೊಡ್ಡತಿಮ್ಮಪ್ಪ ಅವತ್ತೇ ಬಂದಿರಬೇಕೇ? ನಾನು ಸಂಗತಿ ಹೇಳಿದ ಕೂಡಲೇ ಅವನು, “ಎಣ್ಣಿ ಯಾಕ್ರಿ ಸರ, ಈ ಅಕ್ಕಾರನ್ನ ಹೊಳಿಗೆ ಕಳಿಸ್ರಿ ಸಾಕು, ಹುಳ ಹುಲ್ಲು ಎಲ್ಲಾ ಸಾಫ್” ಎಂದ. ನಾನೂ ನಕ್ಕೆ. ನೀನು ನಗಲಿಲ್ಲ. ಕತ್ತಿಯನ್ನು ಐದನೆಯ ತೊಟ್ಟಿಯ ಪಕ್ಕ ನೆಲಕ್ಕಿಟ್ಟು ಕೆಳಗಿಳಿದೆ. ಬೆಳಿಗ್ಗೆ ಎಳ್ಳುಬೆಲ್ಲವನ್ನೂ ತಿನ್ನದೆ ಊರಿಗೆಂದು ಮಡಕಶಿರದ ದಾರಿ ಹಿಡಿದೆ.

ಈಗ ಸುದ್ದಿ. ಬೋಳಾದ ನಾಲ್ಕು ತೊಟ್ಟಿಗಳಲ್ಲಿ ಹೊಸ ಹುಳ ಒಂದೂ ಏಳಲಿಲ್ಲ. ನೀನು ಅರ್ಧಕ್ಕೆ ಬಿಟ್ಟು ಇಳಿದುಹೋದೆಯಲ್ಲ, ಐದನೆಯದು, ಅದರ ಎಲೆಗಳ ಮೇಲೆ ಫೆಬ್ರವರಿ ಕೊನೆಗೆ ಚಿಕ್ಕ ಚಿಕ್ಕ ಗೀರು ಕಾಣಿಸಿದವು, ಉಗುರಿನಲ್ಲಿ ಕೆರೆದ ಹಾಗೆ. ಪರದೆ ಎತ್ತಿದರೆ ತೊಟ್ಟಿಯ ಅಂಚಿನ ತುಂಬ ಹುಳ. ಸಂಧ್ಯಾಳನ್ನು ಕೂಗಿದೆ. ಅವಳು ಕಾಲು ತೊಳೆದುಕೊಂಡೇ ಬಂದಳು. ಯಾರೂ ಹೇಳಿರಲಿಲ್ಲ.

ಕಳೆದ ವಾರ ಐದನೆಯ ತೊಟ್ಟಿಯಿಂದ ಒಂದು ಗಿಡವನ್ನೂ ಬೋಳು ತೊಟ್ಟಿಯಿಂದ ಒಂದನ್ನೂ ಬಕೆಟ್ಟಿನಲ್ಲಿಟ್ಟುಕೊಂಡು ಹೊಳೆದಂಡೆಗೆ ಹೋದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಬೇರು ಬಿಡಿಸಿ ಗೂಡು ತೋರಿಸಿದಾಗ ದೊಡ್ಡತಿಮ್ಮಪ್ಪ ಎರಡನ್ನೂ ಎತ್ತಿ ಬಿಸಿಲಿಗೆ ಹಿಡಿದು ನೋಡಿದ. ಮಾತಾಡಿದ್ದು ಅವನ ಹೆಂಡತಿ ಉಜ್ಜಿನಮ್ಮ. ಅಲ್ಲಿಯ ಹೆಂಗಸರು ಬಟ್ಟೆ ಒಗೆಯುವ ಜಾಗ ಬಿಡಿಸಲು ಗಿಡ ಕೀಳುತ್ತಾರೆ, ಭಾರ ಕಡಿಮೆಯಾಗಲಿ ಎಂದು ಬೇರು ಕೊಯ್ದು ದಂಡೆಗೆ ಎಸೆಯುತ್ತಾರೆ. ಇದು ನನಗೆ ತಿಳಿದೇ ಇರಲಿಲ್ಲ. ನಾನು ಹುಳ ಬಿಟ್ಟಿದ್ದರೂ ಗೂಡೆಲ್ಲ ಬಿಸಿಲಿಗೆ ಹೋಗುತ್ತಿತ್ತು. ಉಜ್ಜಿನಮ್ಮ ಹೇಳಿದಳು: “ಅಕ್ಕಾರು ಮನ್ಯಾಗ ಕೆಡಿಸಿದ್ದು ಚಲೋ ಆತು ಬಿಡ್ರಿ. ಇಲ್ಲಂದ್ರ ನಾವು ಹೊಳ್ಯಾಗ ಕೆಡಿಸ್ತಿದ್ವಿ.” ತಿರುವಿನ ಗಿಡಕ್ಕೆ ಯಾರೂ ಕತ್ತಿ ಹಚ್ಚುವುದಿಲ್ಲ, ಎಮ್ಮೆ ಇಳಿಯುವ ಕಡೆ ಮಾತ್ರ ಕೈಯಿಂದ ಕೀಳುವುದು, ಮುಂದಿನ ಮಳೆಗಾಲದವರೆಗೆ ಎಣ್ಣೆ ಇಲ್ಲ ಎಂದು ಆಯಿತು. ದೊಡ್ಡತಿಮ್ಮಪ್ಪ ಕೊನೆಗೆ ಕೇಳಿದ್ದು ಒಂದೇ: “ಅಕ್ಕಾರಿಗೆ ನನ್ನ ಮಾತು ನಟ್ಟಿತೇನ್ರಿ?”

ಈ ಹುಳಗಳು ಹೊಳೆಯನ್ನು ಪೂರ್ತಿ ಬಿಡಿಸಿಬಿಡುತ್ತವೆ ಎಂದುಕೊಳ್ಳಬೇಡ. ಗಿಡ ತೆಳ್ಳಗಾಗುತ್ತದೆ, ಅಲ್ಲಲ್ಲಿ ನೀರು ಕಾಣುತ್ತದೆ, ಅಷ್ಟೇ, ಅದಕ್ಕೂ ವರ್ಷಗಳು ಬೇಕು. ಮೊದಲಾದರೆ ಅಷ್ಟಕ್ಕೆ ನನಗೆ ಸಮಾಧಾನವಾಗುತ್ತಿರಲಿಲ್ಲ. ಈಗ ಸಂಜೆ ತಾರಸಿಯಲ್ಲಿ ಕೂತು, ಗೀರು ಬಿದ್ದ ಎಲೆಗಳನ್ನು ನೋಡುತ್ತ, ಏನೂ ಯೋಚಿಸದೆ ಇರಲು ಸಾಧ್ಯವಾಗುತ್ತಿದೆ.

ಭಾವನವರಿಗೆ ನಮಸ್ಕಾರ. ವನಿತಾ ಪರೀಕ್ಷೆ ಚೆನ್ನಾಗಿ ಬರೆಯಲಿ, ಈ ಮಾವ ಆಶೀರ್ವಾದ ಮಾಡಿದ್ದಾನೆಂದು ಅವಳಿಗೆ ಹೇಳು. ನಿನಗೆ ಸಂಧ್ಯಾಳ ನಮಸ್ಕಾರ, ಎಳ್ಳುಬೆಲ್ಲದ ಡಬ್ಬಿಯನ್ನು ಅವಳು ಇನ್ನೂ ಖಾಲಿ ಮಾಡಿಲ್ಲ.

ನಿನ್ನ ತಮ್ಮ,
ಶಶಿಧರ

ಮರೆತಿದ್ದೆ: ಉಗಾದಿಗೆ ಮೊದಲು ಹುಳಗಳನ್ನು ತಿರುವಿನಲ್ಲಿ ಬಿಡಬೇಕು. ಸಾಕಿದವರ ಕೈಯಿಂದಲೇ ಬಿಡಿಸಬೇಕೆಂದು ಉಜ್ಜಿನಮ್ಮ ಹಟ ಹಿಡಿದಿದ್ದಾಳೆ, ಅದು ನನ್ನ ಕೈಯಲ್ಲವೆಂದು ಅವಳಿಗೆ ಗೊತ್ತು. ನಿನ್ನ ಕತ್ತಿ ನೀನಿಟ್ಟ ಕಡೆಯೇ ಇದೆ, ಐದನೆಯ ತೊಟ್ಟಿಯ ಪಕ್ಕ. ನಾವ್ಯಾರೂ ಮುಟ್ಟಿಲ್ಲ. ನಿಮ್ಮ ಊರಿನಲ್ಲಿ ರೇಷ್ಮೆಹುಳದ ಹೊಸ ಮೊಟ್ಟೆ ತರುವ ಹೊತ್ತಾಯಿತು, ನಿನಗೆ ಬೇಕಾಗುತ್ತದೆ. ಅಂಚೆಯಲ್ಲಿ ಕಳಿಸೋಣವೆಂದು ಎದ್ದವನು ಹಾಗೇ ನಿಂತೆ. ಅಕ್ಕಾ, ಅಂಚೆಯವನ ಕೈಗೆ ಕೊಟ್ಟು, ಅವನು ನಿನ್ನ ಕೈಗೆ ಕೊಟ್ಟರೆ, ಅದು ಕೈಯಿಂದ ಕೈಗೆ ಕೊಟ್ಟಂತೆ ಆಗುವುದಿಲ್ಲವೇ?