ಒಂದೇ ಸುತ್ತು ಟೇಪು

ಖಾನಾಪುರ,
೧೨-೩-೨೦೦೧

ಪ್ರಸಾದ ಸಾಹುಕಾರರಿಗೆ ಸಾವಂತ್ರವ್ವನ ನಮಸ್ಕಾರ.

ನಾಳೆಯಿಂದ ಆಟೋ ನಗರದ ನಿಮ್ಮ ಕಾರ್ಖಾನೆಗೆ ನಾನು ಬರುವುದಿಲ್ಲ. ಆರು ವರ್ಷ ನಿಮ್ಮ ಚಾರ್ಜರುಗಳಿಗೆ ಟ್ರಾನ್ಸ್‌ಫಾರ್ಮರ್ ಸುತ್ತಿದೆ. ಒಳಗಿನ ಟ್ರಾನ್ಸಿಸ್ಟರ್ ಸೆಕೆಂಡಿಗೆ ಸಾವಿರಾರು ಸಲ ಕರೆಂಟು ಕಡಿದು ಕಡಿದು ಬಿಡುತ್ತದೆ. ಆ ಹೊಡೆತ ಹೊರಗಿನ ತಂತಿಗೆ ದಾಟದಂತೆ ತಡೆಯುವುದು ಒಳಗಿನ, ಹೊರಗಿನ ತಂತಿಗಳ ನಡುವೆ ನಾವು ಹಾಕುವ ಮೂರು ಸುತ್ತು ಟೇಪು. ದೀಪಾವಳಿಯ ಆರ್ಡರಿಗೆ ಅವಸರವಾದಾಗ ನೀವು, "ಒಂದ ಸುತ್ತ ಸಾಕ ಸಾವಂತ್ರಕ್ಕಾ, ಒಳಗಿಂದು ಯಾರ ನೋಡತಾರ?" ಎಂದಿರಿ. "ಜೀವಕ್ಕ ಅಪಾಯ ಐತ್ರಿ" ಎಂದೆ. ನೀವು ನಕ್ಕಿರಿ. ನಾನು ಒಂದೇ ಸುತ್ತು ಹಾಕಿದೆ.

ಕಳೆದ ಸೋಮವಾರ ನನ್ನ ತಂಗಿ ಚಂದ್ರವ್ವ ಇಲ್ಲಿ ಬ್ಯಾಟರಿ ದೀಪವನ್ನು ನಿಮ್ಮ ಚಾರ್ಜರಿಗೆ ಹಾಕಲು ಹೋಗಿ ಕರೆಂಟು ಹೊಡೆದು ಸತ್ತಳು. ನಿಮ್ಮ ಮ್ಯಾನೇಜರು ಬಂದು, "ಹಸಿ ಕೈಲೆ ಮುಟ್ಟಿರಬೇಕು" ಎಂದರು. ಹೌದು, ಪಾತ್ರೆ ತೊಳೆದು ಬಂದಿದ್ದಳು. ಅವರು ಹೋದ ಮೇಲೆ ಚಾರ್ಜರು ಒಡೆದು ನೋಡಿದೆ. ಟೇಪು ಸುಟ್ಟು ತೂತಾಗಿತ್ತು. ಅದರ ಮೇಲೆ ಕಟ್ಟಿದ ದಾರದ ಗಂಟು ನನ್ನ ಕೈಯದೇ.

ಆ ಆರ್ಡರಿನ ಚಾರ್ಜರುಗಳು ಯಾವ ಯಾವ ಅಂಗಡಿಗೆ ಹೋಗಿವೆ ಎಂಬ ಪಟ್ಟಿಯನ್ನು ಗುರುವಾರದೊಳಗೆ ಕಳಿಸಿಕೊಡಿ. ನಾನೇ ಊರೂರು ತಿರುಗಿ ವಾಪಸು ತರುತ್ತೇನೆ. ಕಳಿಸದಿದ್ದರೆ ಶುಕ್ರವಾರ ಪೊಲೀಸರ ಬಳಿ ಹೋಗುತ್ತೇನೆ. ಅಲ್ಲಿ ಮೊದಲು ನನ್ನ ಹೆಸರು ಬರೆಸುತ್ತೇನೆ, ಆಮೇಲೆ ನಿಮ್ಮದು.

ಇಂತಿ,
ಚಂದ್ರವ್ವನ ಅಕ್ಕ
ಸಾವಂತ್ರವ್ವ